ಎಡಗೈ ಸಹಿ

ಆತ ಆರು ವರ್ಷ ಜೈಲಿನಲ್ಲಿದ್ದದ್ದು ಬೇರೆಯವರ ಸಹಿ ಹಾಕಿದ್ದಕ್ಕೆ. ಬಿಡುಗಡೆಯಾದ ದಿನ ತಂಗಿಯ ಮನೆಗೆ ಹೋದ. ತಂಗಿ ಅತ್ತಳು, ಹೊಟ್ಟೆ ತುಂಬ ಬಡಿಸಿದಳು, ಅಣ್ಣ ಕೈ ತೊಳೆಯಲು ಎದ್ದಾಗ ಚೆಕ್ ಪುಸ್ತಕವನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದಳು. ಸದ್ದು ಬಚ್ಚಲಿಗೂ ಕೇಳಿಸಿತು. ಸಂಜೆಯೇ ಆತ ಆಸರೆ ಮನೆಗೆ ಹೊರಟ.

ಆಸರೆ ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮೂರು ಕೋಣೆ. ಜೈಲಿನಿಂದ ಬಂದವರಿಗೆ ಆರು ತಿಂಗಳು ಮಂಚ, ಊಟ, ಜೊತೆಗೆ ಕೆಲಸ ಹುಡುಕಿಕೊಡುವುದು. ನಡೆಸುತ್ತಿದ್ದವರು ನಿವೃತ್ತ ಟೀಚರಮ್ಮ. ನಡೆಯುತ್ತಿದ್ದದ್ದು ಸರ್ಕಾರದ ಅನುದಾನದಿಂದ. ಆತನ ಮುತ್ತಿನಂಥ ಅಕ್ಷರ ನೋಡಿ ಟೀಚರಮ್ಮ ಕಾಗದಪತ್ರದ ಕೆಲಸಕ್ಕೆ ಅಲ್ಲಿಯೇ ಉಳಿಸಿಕೊಂಡರು.

ಆತ ಬಂದ ಎರಡನೆಯ ವರ್ಷ ಅನುದಾನದ ಅರ್ಜಿಗೆ ಕಲ್ಯಾಣಾಧಿಕಾರಿಯ ಸಹಿ ಬೇಕಿತ್ತು. ಅಧಿಕಾರಿ ರಜೆಯ ಮೇಲೆ ಸ್ವಂತ ಊರಿಗೆ ಹೋಗಿದ್ದರು. ಅರ್ಜಿ ಕೊಡಲು ಮಾರನೆಯ ದಿನವೇ ಕೊನೆ. ಹಳೆಯ ಫೈಲಿನಲ್ಲಿ ಅವರ ಸಹಿ ಹದಿನಾಲ್ಕು ಕಡೆ ಇತ್ತು. ಮಧ್ಯಾಹ್ನದ ಊಟಕ್ಕೆ ಕೂತ ಎಲ್ಲರೂ ಆತನ ಬಲಗೈಯನ್ನೇ ನೋಡಿದರು.

"ಒಂದೇ ಒಂದು ಗೀರು ಎಳಿ ಅಣ್ಣ," ಎಂದ, ಹಿಂದೆ ಬೀಗ ಒಡೆಯುತ್ತಿದ್ದವನು. "ನಿಂಗೆ ನೀರು ಕುಡಿದಷ್ಟು ಸುಲಭ."

"ಆರು ವರ್ಷ ಅದನ್ನೇ ಕುಡಿದಿದೀನಿ. ಸಾಕು."

ಟೀಚರಮ್ಮ ಹಾಕು ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಕನ್ನಡಕ ಒರೆಸುತ್ತ ಕೂತರು. ಅದು ಆತನ ಮನಸ್ಸಿಗೆ ಚುಚ್ಚಿತು.

ಬೆಳಗಿನ ಮೊದಲ ಬಸ್ಸಿಗೆ ಅಧಿಕಾರಿಯ ಊರಿಗೆ ಹೋದ. ನಾಲ್ಕು ಗಂಟೆಯ ದಾರಿ. ಅಧಿಕಾರಿ ಮೆಟ್ಟಿಲಲ್ಲಿ ಜಾರಿ ಬಿದ್ದು, ಬಲಗೈಗೆ ಬೆರಳತನಕ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು.

"ಎಡಗೈಲಿ ಹಾಕಿದ್ರೆ ನಡೆಯುತ್ತೇನಯ್ಯ?"

"ನೀವೇ ಹಾಕೋದಾದ್ರೆ ಕಾಲಲ್ಲಾದ್ರೂ ಹಾಕಿ ಸಾರ್."

ಜಿರಳೆ ಮಸಿಯಲ್ಲಿ ಬಿದ್ದು ಎದ್ದುಹೋದಂಥ ಸಹಿ ಬಂತು.

ನಾಲ್ಕೂವರೆಗೆ ಕಚೇರಿ ಮುಟ್ಟಿದ. ಗುಮಾಸ್ತೆ ಹೊಸ ಸಹಿಯನ್ನು ನೋಡಿದಳು, ಹಳೆಯದನ್ನು ನೋಡಿದಳು, ಆತನನ್ನು ನೋಡಿದಳು.

"ಇದು ಸಾಹೇಬರ ಸಹಿ ಅಲ್ಲ. ನೀವು ಯಾವ ಕೇಸಲ್ಲಿ ಒಳಗಿದ್ರಿ?"

"ಸಹಿ ಹಾಕಿದ ಕೇಸು."

"ಮತ್ತೆ!"

"ನಾನು ಹಾಕಿದ್ರೆ ಇಷ್ಟು ಕೆಟ್ಟದಾಗಿ ಬರ್ತಿರಲಿಲ್ಲ ಮೇಡಂ." ಜಂಬಕ್ಕೆ ಹೇಳಿದ್ದಲ್ಲ. ಅಧಿಕಾರಿಯ ಫೋನ್ ನಂಬರನ್ನು ಮೇಜಿನ ಮೇಲಿಟ್ಟ.

ಗುಮಾಸ್ತೆ ಫೋನು ಮಾಡಿದಳು. "ನನ್ನ ಕೈ ಮುರಿದಿದೆ ಕಣಮ್ಮ, ಸೀಲ್ ಹೊಡಿ!" ಎಂಬ ಕೂಗು ಮೂರು ಮೇಜಿನಾಚೆಗೂ ಕೇಳಿಸಿತು. ಐದಕ್ಕೆ ಎರಡು ನಿಮಿಷವಿದ್ದಾಗ ಸೀಲು ಬಿತ್ತು.

ಆಸರೆ ಮನೆಗೆ ಮರಳಿದಾಗ ಟೀಚರಮ್ಮ ಬಾಗಿಲಲ್ಲೇ ನಿಂತಿದ್ದರು.

"ನಿನ್ನೆ ನಾನೂ ನಿನ್ನ ಕೈ ನೋಡಿದೆ. ತಪ್ಪಾಯ್ತಪ್ಪ."

"ಹೋಗ್ಲಿ ಬಿಡಿ ಟೀಚರಮ್ಮ. ಊಟ ಏನಾದ್ರೂ ಉಳಿದಿದೆಯಾ?"

ಅನುದಾನ ನಾಲ್ಕು ತಿಂಗಳು ತಡವಾಗಿ, ಕಾಲುಭಾಗ ಕಡಿಮೆಯಾಗಿ ಬಂತು. ಮನೆ ಮುಚ್ಚಲಿಲ್ಲ. ಈಗ ಪ್ರತಿವರ್ಷ ಆತ ಅರ್ಜಿಯನ್ನು ಎರಡು ತಿಂಗಳು ಮೊದಲೇ ಒಯ್ಯುತ್ತಾನೆ. ತೀರಾ ಮುಂಚೆ ತಂದಿದ್ದೀರಿ ಎಂದು ಕಚೇರಿಯವರು ಎರಡು ಸಲ ವಾಪಸು ಕಳಿಸಿದ್ದಾರೆ.