ಅತ್ತೆಯ ಬೆಳಕಿನ ಕತ್ತಿ

ಸಾಲ್ಡರಿಂಗ್ ಐರನ್ ಕಾದಾಗ ಬರುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಸಾಂಬ್ರಾಣಿ ಹಾಕಿದ ಮನೆಯಲ್ಲಿ ಯಾರೋ ಪ್ಲಾಸ್ಟಿಕ್ ಸುಟ್ಟ ಹಾಗಿರುತ್ತದೆ. ಇವತ್ತು ಬೆಳಿಗ್ಗೆ ತಿಂಡಿ ಕೆಲಸ ಮುಗಿಸಿ, ಅಡುಗೆಮನೆ ಕಟ್ಟೆಯ ಮೇಲೆ ಒಗ್ಗರಣೆ ಸೌಟಿನ ಪಕ್ಕದಲ್ಲೇ ಐರನ್ ಬಿಸಿಗಿಟ್ಟುಕೊಂಡು ಕೂತಿದ್ದೇನೆ. ಎದುರಿಗೆ ಒಂದು ಕತ್ತಿ ಮಲಗಿದೆ. ನಮ್ಮ ಮಹಿಳಾ ಸಂಘದ ನಾಟಕದಲ್ಲಿ ಈ ವರ್ಷ ರಾಜನ ಪಾತ್ರ ಮಾಡುತ್ತಿರುವ ಸವಿತಾ ಟೀಚರ್ ನಿನ್ನೆ ಇದನ್ನು ತಂದುಕೊಟ್ಟು ಹೋದಳು.

“ಅಕ್ಕಾ, ಕೈ ಇಳಿಸಿದ್ರೂ ಲೈಟು ತಕ್ಷಣ ಆರಲ್ಲ. ನಾನು ಸತ್ತು ಬಿದ್ದ ಮೇಲೂ ಉರೀತಾ ಇರುತ್ತೆ. ಸ್ವಲ್ಪ ರಿಪೇರಿ ಮಾಡ್ಕೊಡಿ.”

ಅವಳು ಹೇಳಿದ್ದು ಸರಿಯೇ. ಹಿಡಿಯೊಳಗೆ ಒಂದು ದಪ್ಪ ಕಂಡೆನ್ಸರ್ ಇದೆ. ಕರೆಂಟನ್ನು ಸ್ವಲ್ಪ ಹೊತ್ತು ಹೊಟ್ಟೆಯಲ್ಲಿಟ್ಟುಕೊಂಡು ನಿಧಾನವಾಗಿ ಬಿಡುವುದೇ ಅದರ ಕೆಲಸ. ಎರಡು ತಂತಿ ಬಿಡಿಸಿ ಅದನ್ನು ತೆಗೆದರೆ ಮುಗಿಯಿತು. ಐರನ್ ಕಾದು ಎಷ್ಟೋ ಹೊತ್ತಾಗಿದೆ, ಕೈ ಮಾತ್ರ ಮುಂದೆ ಹೋಗುತ್ತಿಲ್ಲ.

ಈ ಕತ್ತಿ ನಮ್ಮ ಅತ್ತೆಯದು. ಮಧುಗಿರಿಗೆ ಸೊಸೆಯಾಗಿ ಬಂದಾಗ ಅತ್ತೆಗೆ ಮೀಸೆ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ತೆಗೆದರೆ ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಮೂಗಿನ ಕೆಳಗೆ ದಪ್ಪ ಮೀಸೆ! “ಅಯ್ಯೋ ದೇವುಡಾ” ಎಂದು ಚೀರಿದ್ದೆ. ನನ್ನ ತವರು ಪಾವಗಡದ ಕಡೆ ಬಲಸಮುದ್ರ. ಹೆದರಿದಾಗ ನಮ್ಮ ಬಾಯಿಗೆ ತೆಲುಗೇ ಬರುವುದು. “ಪ್ರಾಕ್ಟೀಸ್ ಮುಗೀತು, ಅಂಟು ಬುಡ್ತಿಲ್ಲ ಕಣಮ್ಮ. ಒಂದಿಷ್ಟು ಕೊಬ್ರಿ ಎಣ್ಣೆ ಕೊಡು” ಎಂದು ಅವರು ಏನೂ ಆಗದವರಂತೆ ಒಳಗೆ ಬಂದರು. ಕಾಫಿ ಕುಡಿಯುವಾಗ ಮೀಸೆಯನ್ನು ಒಂದು ಬೆರಳಲ್ಲಿ ಮೇಲೆತ್ತಿ ಹಿಡಿದು ಕುಡಿಯುತ್ತಿದ್ದರು. ಆ ಗತ್ತು ನಿಜವಾದ ಮೀಸೆಯವರಲ್ಲೂ ನಾನು ನೋಡಿಲ್ಲ.

ಸಂಘದಲ್ಲಿ ಎಲ್ಲ ಪಾತ್ರವನ್ನೂ ಹೆಂಗಸರೇ ಮಾಡುತ್ತಾರೆ. ಅಸುರ ರಾಜನ ಪಾತ್ರ ಮಾತ್ರ ಆಗ ಯಾವಾಗಲೂ ಅತ್ತೆಗೇ ಮೀಸಲಾಗಿತ್ತು. “ಅದ್ಯಾಕೆ ಅತ್ತೆ, ಅಷ್ಟು ಆಸೆ?” ಎಂದು ಒಮ್ಮೆ ಕೇಳಿದ್ದೆ. ಬೆಳ್ಳುಳ್ಳಿ ಬಿಡಿಸುತ್ತಿದ್ದವರು ತಲೆಯೆತ್ತದೆ ಹೇಳಿದರು: “ಮನೇಲಿ ಸೊಸೆ ಆದೆ, ಹೆಂಡ್ತಿ ಆದೆ, ಅಮ್ಮ ಆದೆ, ಈಗ ನಿಂಗೆ ಅತ್ತೇನೂ ಆಗ್ಬುಟ್ಟೆ. ರಾಜ ಆಗೋದು ಅಲ್ಲಿ ಮಾತ್ರ ಕಣಮ್ಮ.”

ಬೆಳಕಿನ ಕತ್ತಿಯ ಹುಚ್ಚು ಅವರಿಗೆ ಎಲ್ಲಿಂದ ಹತ್ತಿತೋ ಕಾಣೆ. ಎದುರು ಮನೆಯ ಮಕ್ಕಳ ಆಟದ ಸಾಮಾನು ನೋಡಿ ಇರಬೇಕು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಸರ್ಟಿಫಿಕೇಟನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಮಲಗಿಸಿ ಆರಾಮಾಗಿದ್ದೆ. ಅತ್ತೆ ಬಿಡಬೇಕಲ್ಲ. “ನಿಮ್ಮೂರಲ್ಲಿ ಬರೀ ಬಿಸ್ಲಲ್ಲೇ ಕರೆಂಟು ಮಾಡ್ತಾರಂತೆ. ಅಲ್ಲಿಂದ ಬಂದೋಳು, ಒಂದು ಕತ್ತಿಗೆ ಲೈಟ್ ಹಾಕಕ್ಕಾಗಲ್ವಾ?” ಎಂದು ಕೆಣಕಿದರು. ಸೋಲಾರ್ ಪಾರ್ಕ್ ಇರುವ ನಮ್ಮೂರಿನ ಮರ್ಯಾದೆಯ ಪ್ರಶ್ನೆಯಾಯಿತು.

ಕೆಟ್ಟುಹೋದ ಎಲ್‌ಇಡಿ ಟ್ಯೂಬ್‌ಲೈಟಿನ ಹಾಲು ಬಣ್ಣದ ಪ್ಲಾಸ್ಟಿಕ್ ಕೊಳವೆ ಕತ್ತಿಯ ಅಲಗಾಯಿತು. ಅದರೊಳಗೆ ಹುಟ್ಟುಹಬ್ಬಕ್ಕೆ ಕಟ್ಟುವ ದೀಪದ ಸರ, ನಲ್ಲಿ ಪೈಪಿನ ಹಿಡಿಯೊಳಗೆ ಪೆನ್ಸಿಲ್ ಸೆಲ್ಲು. ಮೊದಲು ಒತ್ತುವ ಸ್ವಿಚ್ ಹಾಕಿದೆ. ಅತ್ತೆ ಹಾಡಿನ ತಾಳಕ್ಕೆ ತಕ್ಕಂತೆ ಹೆಬ್ಬೆರಳು ಒತ್ತಿದರು, ಕತ್ತಿ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಮಿನುಗಿತು. ಆಮೇಲೆ ಯುದ್ಧದ ಸದ್ದು ಬರಲಿ ಎಂದು ಒಂದು ಬಜರ್ ತಂದು ಕೂರಿಸಿದೆ. ಗಾಡಿ ಹಿಂದಕ್ಕೆ ತೆಗೆಯುವಾಗ ಕೂಗುವ ಬಜರ್ ಅದೆಂದು ನನಗೆ ತಿಳಿಯಲಿಲ್ಲ. ರಾಜ ಕತ್ತಿ ಝಳಪಿಸಿದ ಕೂಡಲೇ ಹಾರ್ಮೋನಿಯಂ ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಿ ಕಿಟಕಿಯ ಕಡೆ ತಿರುಗಿದರು: “ಯಾವನ್ಲಾ ಅವ್ನು, ಇಲ್ಲಿ ಟ್ರ್ಯಾಕ್ಟರ್ ರಿವರ್ಸ್ ತಗೀತಿರೋದು?”

ಬಜರ್ ಹೋಯಿತು. ಒತ್ತುವ ಗೊಡವೆಯೇ ಇಲ್ಲದ ಸ್ವಿಚ್ ಬೇಕೆಂದು ತಲೆ ಕೆಡಿಸಿಕೊಂಡೆ. ಕೊನೆಗೆ ಸೈಕಲ್ ಶಾಪಿನ ಸಾಬರ ಹತ್ತಿರ ಒಂದು ಬಾಲ್ಸ್ ಇಸಕೊಂಡು ಬಂದೆ. ಅದೇ, ಚಕ್ರದೊಳಗೆ ಇರುತ್ತದಲ್ಲ, ಆ ಉಕ್ಕಿನ ಗೋಲಿ. ಅದನ್ನು ಖಾಲಿ ಪೆನ್ನಿನ ಕೊಳವೆಗೆ ಹಾಕಿ, ತಳದಲ್ಲಿ ಎರಡು ತಾಮ್ರದ ತಂತಿಗಳ ತುದಿ ನಿಲ್ಲಿಸಿದೆ. ಕತ್ತಿ ಎತ್ತಿದರೆ ಗೋಲಿ ಉರುಳಿ ಬಂದು ತಂತಿಗಳ ಮೇಲೆ ಕೂರುತ್ತದೆ, ದೀಪ ಹತ್ತುತ್ತದೆ. ಕೆಳಗಿಳಿಸಿದರೆ ಗೋಲಿ ಆಚೆ ಓಡುತ್ತದೆ, ಆರುತ್ತದೆ. ಅತ್ತೆ ಎತ್ತಿ ಇಳಿಸಿ, ಎತ್ತಿ ಇಳಿಸಿ, ಮಗುವಿನ ಹಾಗೆ ನಕ್ಕರು. ನನ್ನ ಡಿಪ್ಲೊಮಾಕ್ಕೆ ಅಷ್ಟು ದೊಡ್ಡ ಸನ್ಮಾನ ಮತ್ತೆಂದೂ ಸಿಕ್ಕಿಲ್ಲ.

ಎರಡು ವರ್ಷ ಆ ಕತ್ತಿ ಚೆನ್ನಾಗಿಯೇ ನಡೆಯಿತು. ಮೂರನೆಯ ವರ್ಷದ ಪ್ರಾಕ್ಟೀಸಿನಲ್ಲಿ ಚಾಳಿ ಶುರುವಾಯಿತು. ಅತ್ತೆ ಕತ್ತಿ ಎತ್ತಿ ನಿಂತರೆ ದೀಪ ಪಟಪಟ ಮಿಟುಕುತ್ತಿತ್ತು. ಮನೆಗೆ ತಂದು ಬಿಚ್ಚಿ ತಂತಿ ಉಜ್ಜಿದೆ, ಹೊಸ ಗೋಲಿ ಹಾಕಿದೆ, ಸೆಲ್ಲು ಬದಲಾಯಿಸಿದೆ. ನನ್ನ ಕೈಯಲ್ಲಿ ಹಿಡಿದರೆ ದೀಪ ನಿಶ್ಚಲ. ಮಾರನೆಯ ದಿನ ಅತ್ತೆಯ ಕೈಗೆ ಹೋದರೆ ಮತ್ತೆ ಅದೇ ಮಿಟುಕಾಟ. “ನಿನ್ ಸ್ವಿಚ್ಚೇ ಸರಿ ಇಲ್ಲ ಬುಡು” ಎಂದು ಅತ್ತೆ ಎಲ್ಲರ ಮುಂದೆ ಗದರಿದರು. ಅಷ್ಟು ಒರಟಾಗಿ ಅವರು ನನ್ನ ಹತ್ತಿರ ಯಾವತ್ತೂ ಮಾತಾಡಿದವರಲ್ಲ.

ಸಿಟ್ಟಿನಲ್ಲೇ ಮನೆಗೆ ಬಂದು ಕಾಫಿ ಮಾಡಿದೆ. “ಅರ್ಧ ಲೋಟ ಸಾಕು” ಎಂದರು. ಕೆಲವು ತಿಂಗಳಿಂದ ಅವರು ಅರ್ಧ ಲೋಟವೇ ಕೇಳುತ್ತಿದ್ದರು. ಪಥ್ಯವಿರಬೇಕೆಂದುಕೊಂಡಿದ್ದೆ. ಆವತ್ತು ಲೋಟ ಅವರ ತುಟಿಗೆ ಹೋಗುವವರೆಗೂ ಕಣ್ಣು ತೆಗೆಯದೆ ನೋಡಿದೆ. ಅರ್ಧವೇ ಇದ್ದ ಕಾಫಿ ಲೋಟದೊಳಗೆ ಅಂಚಿನವರೆಗೂ ಎದ್ದೆದ್ದು ಬೀಳುತ್ತಿತ್ತು.

ಸ್ವಿಚ್ಚಿನಲ್ಲಿ ಏನೂ ಕೆಟ್ಟಿರಲಿಲ್ಲ. ನಾನು ಹಾಕಿದ ಗೋಲಿ ಅವರ ಕೈಯ ನಡುಕವನ್ನು ಸಭೆಗೆಲ್ಲ ದೀಪ ಹಾಕಿ ತೋರಿಸುತ್ತಿತ್ತು. ಸಂಘದವರಿಗೆ ಗೊತ್ತಾದರೆ ಮರುಕದಿಂದಲೇ ಪಾತ್ರವನ್ನು ಬೇರೆಯವರಿಗೆ ಕೊಡುತ್ತಾರೆ, ಕುರ್ಚಿ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ರಾಜ ಆಗೋದು ಅಲ್ಲಿ ಮಾತ್ರ ಎಂದವರು ಆ ಕುರ್ಚಿಯಲ್ಲಿ ಹೇಗೆ ಕೂತಾರು? ಒಲೆ ಮುಂದೆ ನಿಂತು ಅತ್ತುಬಿಟ್ಟೆ. ಕೇಳಿದ್ದರೆ ಈರುಳ್ಳಿ ಎನ್ನುತ್ತಿದ್ದೆ, ಯಾರೂ ಕೇಳಲಿಲ್ಲ.

ಅಟ್ಟದ ಮೇಲಿದ್ದ ಹಳೆಯ ಆಂಪ್ಲಿಫೈಯರ್ ಬಿಚ್ಚಿ ಈ ದಪ್ಪ ಕಂಡೆನ್ಸರ್ ತೆಗೆದದ್ದು ಆಗ. ಗೋಲಿ ಒಳಗೆ ಎಷ್ಟೇ ಕುಣಿದರೂ ಹೊರಗೆ ದೀಪ ಮಿಟುಕದ ಹಾಗೆ ಕೂರಿಸಿದೆ. “ಸ್ವಿಚ್ಚೇ ಕೆಟ್ಟಿತ್ತು ಅತ್ತೆ, ಸರಿ ಮಾಡಿದೀನಿ” ಎಂದು ಎಲ್ಲರ ಮುಂದೆಯೇ ಕೊಟ್ಟೆ. ಅವರು ನನ್ನ ಮುಖ ನೋಡದೆ ಈಸಿಕೊಂಡರು.

ನಾಟಕದ ದಿನ ನಾನು ಸೈಡ್‌ವಿಂಗಿನಲ್ಲಿ ನಿಂತಿದ್ದೆ. ಅತ್ತೆ ಕತ್ತಿ ಎತ್ತಿದರು. ಪೂರ್ತಿ ಹಾಡು ಮುಗಿಯುವವರೆಗೆ ಬೆಳಕು ಒಂದಿಷ್ಟೂ ಅಲುಗಲಿಲ್ಲ. ಕೊನೆಗೆ ರಾಜ ಬಿದ್ದ, ಕತ್ತಿ ನೆಲಕ್ಕೆ ಒರಗಿತು. ಬೆಳಕು ತಕ್ಷಣ ಆರದೆ, ಮಂಕಾಗಿ, ಇನ್ನೂ ಮಂಕಾಗಿ, ಆಮೇಲೆ ಹೋಯಿತು. ಅದು ನಾನು ಬೇಕೆಂದು ಮಾಡಿದ್ದಲ್ಲ, ಕಂಡೆನ್ಸರಿನ ಗುಣ. ಜನ ಮಾತ್ರ ಜೀವ ಹೋಗುವುದನ್ನೇ ಕಂಡವರಂತೆ ಚಪ್ಪಾಳೆ ತಟ್ಟಿ ‘ಒನ್ಸ್ ಮೋರ್’ ಎಂದು ಕೂಗಿದರು. ಅತ್ತೆ ಎದ್ದು, ಕಿರೀಟ ಸರಿಮಾಡಿಕೊಂಡು, ಮತ್ತೊಂದು ಸಲ ಸತ್ತರು.

ಮನೆಗೆ ಬಂದು ಮುಖದ ಬಣ್ಣಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಾ ಅತ್ತೆ ಕೇಳಿದರು: “ಸ್ವಿಚ್ಚು ಮೊದ್ಲೂ ಸರಿಯಾಗೇ ಇತ್ತು, ಅಲ್ವಾ?”

“ಇಲ್ಲ ಅತ್ತೆ, ಕೆಟ್ಟಿತ್ತು.”

ಅವರು ಕೈಯ ಎಣ್ಣೆ ಒರೆಸಿಕೊಂಡರು. ಆಮೇಲೆ ಲೋಟ ಮುಂದೆ ಚಾಚಿದರು. “ಇವತ್ತು ಲೋಟ ತುಂಬಾ ಹಾಕಮ್ಮ.”

ತುಂಬಾ ಹಾಕಿದೆ. ಕಾಫಿ ಅವರ ಕೈಮೇಲೆ, ಸೀರೆಯ ಮೇಲೆ ಚೆಲ್ಲಿತು. ಅವರು ಮುಚ್ಚಿಡಲಿಲ್ಲ, ನಾನೂ ಬಟ್ಟೆ ತರಲು ಓಡಲಿಲ್ಲ. ಇಬ್ಬರೂ ಕುಡಿದು ಮುಗಿಸಿದೆವು.

ಮರುವರ್ಷ ಅವರೇ ಪಾತ್ರ ಬಿಟ್ಟರು. ಈಗ ಅವರೇ ಇಲ್ಲ. ಬೆಟ್ಟದ ಕಾವು ಮನೆಯೊಳಗೆ ನುಗ್ಗುವ ಮಧ್ಯಾಹ್ನಗಳಲ್ಲಿ, ಮೀಸೆ ಅಂಟಿಸಿಕೊಂಡು ಯಾರಾದರೂ ಬಾಗಿಲು ಬಡಿಯಬಾರದೇ ಎನಿಸುತ್ತದೆ. ಅವರು ಇರಬೇಕಿತ್ತು. ಬೇರೆ ಹೇಗೆ ಹೇಳಲಿ?

ಐರನ್ನಿನ ಪ್ಲಗ್ ಕಿತ್ತು ಸವಿತಾಗೆ ಫೋನ್ ಮಾಡಿದೆ.

“ಇದರಲ್ಲಿ ಕೆಟ್ಟಿರೋದು ಏನೂ ಇಲ್ಲ ಕಣಮ್ಮ. ನಿಂಗೆ ತಕ್ಷಣ ಆರೋ ಕತ್ತಿ ಬೇರೆ ಮಾಡ್ಕೊಡ್ತೀನಿ. ಇದು ಮನೇಲಿರ್ಲಿ.”

ಫೋನಿಟ್ಟು ಕತ್ತಿ ಎತ್ತಿದೆ. ಒಳಗೆ ಗೋಲಿ ಉರುಳಿ ಟಕ್ ಎಂದಿತು, ಅಡುಗೆಮನೆಯ ಗೋಡೆ ಬೆಳ್ಳಗಾಯಿತು. ಕೈ ಇಳಿಸಿದೆ. ಕೈ ಇಳಿದ ಮೇಲೂ ಬೆಳಕು ಸ್ವಲ್ಪ ಹೊತ್ತು ಇತ್ತು. ಪೂರ್ತಿ ಹೋಗುವವರೆಗೆ ನೋಡುತ್ತಾ ನಿಂತು, ಒನ್ಸ್ ಮೋರ್ ಎಂದುಕೊಂಡು ಮತ್ತೆ ಎತ್ತಿದೆ.