ಮುಳ್ಳು ತೋರಿಸಿದ ನೂರು

ಐವತ್ತಾರನೇ ವಯಸ್ಸಿಗೆ ಬೇರೆಯವರಿಗೆ ಮಂಡಿನೋವು ಬರುತ್ತದೆ. ನನ್ನ ಗಂಡನಿಗೆ ಸ್ಪೋರ್ಟ್ಸ್ ಕಾರು ಬಂತು. ಅದರಲ್ಲಿ ಕೂತು ಎದ್ದು ಮಂಡಿನೋವು ನನಗೆ ಬಂತು.

ಶಿಕಾರಿಪುರದಲ್ಲಿ ನಮ್ಮದು ಪೈಪು, ಪಂಪ್‌ಸೆಟ್ಟಿನ ಅಂಗಡಿ. ಹುಬ್ಬಳ್ಳಿ ಕಡೆಯ ಒಬ್ಬ ವ್ಯಾಪಾರಿಯ ಗೋದಾಮಿನಲ್ಲಿ ತಾಡಪಾಲು ಹೊದ್ದು ಮಲಗಿದ್ದ ಈ ಕಾರನ್ನು ಇವರು ನೋಡಿದ್ದೇ ತಡ, ಹಿಂದೆ ಮುಂದೆ ಯೋಚಿಸದೆ ತಂದುಬಿಟ್ಟರು. ಕೆಂಪು ಬಣ್ಣ, ಎರಡು ಬಾಗಿಲು, ಎರಡೇ ಸೀಟು, ನಮ್ಮ ಮದುವೆಗಿಂತ ನಾಲ್ಕು ವರ್ಷ ಹಳೆಯದು. ಡಿಕ್ಕಿಯಲ್ಲಿ ಒಂದು ತೆಂಗಿನಕಾಯಿ ಚೀಲ ಇಟ್ಟರೆ ಮುಚ್ಚಳ ಹಾಕಲು ಬರುವುದಿಲ್ಲ. ಸೀಟು ಎಷ್ಟು ತಗ್ಗೆಂದರೆ ಅದರೊಳಗೆ ಹತ್ತುವುದಲ್ಲ, ಇಳಿಯುವುದು. ಕೂತ ಮೇಲೆ ಮಂಡಿಗಳು ಎದೆಯ ಹತ್ತಿರ ಬರುತ್ತವೆ. ನಮ್ಮತ್ತೆ ಒಮ್ಮೆ ಒಳಗೆ ಬಗ್ಗಿ ನೋಡಿ, ಅಲ್ಲಿಯೇ ತೀರ್ಮಾನ ಹೇಳಿಬಿಟ್ಟರು.

“ನಮ್ಮಾಗ ಸತ್ತವರನ್ನ ಕುಂದ್ರಿಸಿ ಮಣ್ಣು ಮಾಡ್ತಾರ. ನಾ ಇನ್ನೂ ಉಸಿರಾಡಾಕತ್ತೀನಿ. ಈಗ್ಲೇ ಗುಣ್ಯಾಗ ಕುಂದ್ರಾಕ ಒಲ್ಲೆ.”

ಕಾರಿನಲ್ಲಿ ಇವರಿಗೆ ಎಲ್ಲಕ್ಕಿಂತ ಪ್ರೀತಿ ಸ್ಪೀಡೋಮೀಟರಿನ ಮೇಲೆ. ರೊಟ್ಟಿ ಹಂಚಿನಷ್ಟು ದೊಡ್ಡ ಬಿಲ್ಲೆ, ಅದರಲ್ಲಿ ಇನ್ನೂರ ಇಪ್ಪತ್ತರವರೆಗೆ ಅಂಕಿ, ಕಿತ್ತಳೆ ಬಣ್ಣದ ಮುಳ್ಳು. ಮೊದಲ ದಿನವೇ ಶಿರಾಳಕೊಪ್ಪದ ರಸ್ತೆಯಲ್ಲಿ, “ನೋಡಿಲ್ಲಿ, ನೂರು!” ಎಂದರು. ನಾನು ಮುಳ್ಳನ್ನು ನೋಡಿದೆ, ಆಮೇಲೆ ಕಿಟಕಿಯಾಚೆ ನೋಡಿದೆ. ಕೆರೆಯಲ್ಲಿ ಒಬ್ಬ ಎಮ್ಮೆ ತೊಳೆಯುತ್ತಿದ್ದ. ಎಮ್ಮೆಯ ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತು, ಅವನ ಬನಿಯನ್ನಿಗೆ ಎಡಗಡೆ ತೂತಿತ್ತು. ಗಂಟೆಗೆ ನೂರು ಕಿಲೋಮೀಟರ್ ಓಡುವವಳಿಗೆ ಇಷ್ಟೆಲ್ಲ ಕಾಣಬಹುದೇ?

ಅಷ್ಟರಲ್ಲಿ ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆದು, ನಮ್ಮನ್ನು ದಾಟಿ ಹೋಯಿತು.

“ನೋಡು, ಬಸ್ಸನ್ನ ನೂರಾ ಇಪ್ಪತ್ತರಾಗ ಹೊಡಿತಾನ! ಇಂಥವರ ಲೈಸೆನ್ಸ್ ಕಿತ್ಕೋಬೇಕು,” ಎಂದರು ಇವರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಲೆಕ್ಕದ ಸಿಸ್ಟರ್ ಬಾಯಿಲೆಕ್ಕ ಬಾರದವರನ್ನು ಬಿಸಿಲಿಗೆ ನಿಲ್ಲಿಸುತ್ತಿದ್ದರು. ಆ ಹೆದರಿಕೆ ಇನ್ನೂ ಹೋಗಿಲ್ಲ. ಕೈಗಡಿಯಾರ ನೋಡುತ್ತ ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಣಿಸಿದೆ. ಐವತ್ತೈದು ಸೆಕೆಂಡು. ಮೂರು ಸಾವಿರದ ಆರುನೂರನ್ನು ಐವತ್ತೈದರಿಂದ ಭಾಗಿಸಿದರೆ ಅರವತ್ತೈದು. ಮುಂದಿನ ಕಲ್ಲಿಗೂ ಅಷ್ಟೇ. ಮುಳ್ಳು ಮಾತ್ರ ನೂರರ ಮೇಲೆ ಗಂಭೀರವಾಗಿ ಕೂತಿತ್ತು.

ನಾನು ಹೇಳಲಿಲ್ಲ. ಸುಳ್ಳು ಹೇಳುವುದು ಪಾಪ ಎಂದು ಸಿಸ್ಟರ್ ನೂರು ಸಲ ಬರೆಸಿದ್ದರು. ಸುಳ್ಳು ಹೇಳುವ ಮೀಟರಿನ ಪಕ್ಕ ಬಾಯಿ ಮುಚ್ಚಿಕೊಂಡು ಕೂರುವುದರ ಬಗ್ಗೆ ಅವರು ಏನೂ ಬರೆಸಿರಲಿಲ್ಲ.

ಸುಮ್ಮನಿರಲು ಕಾರಣವಿತ್ತು. ನನ್ನ ಗಂಡ ವಾಹನ ಕಲಿತದ್ದು ಟ್ರ್ಯಾಕ್ಟರಿನಲ್ಲಿ. ತಿರುವು ಬಂದಾಗಲೇ ಅವರಿಗೆ ನನ್ನ ಕಡೆ ತಿರುಗಿ ಮಾತಾಡುವ ಹುಮ್ಮಸ್ಸು. ಎರಡು ವರ್ಷದ ಹಿಂದೆ ಬೈಕಿನ ಸಮೇತ ಯಾರದೋ ಹುಲ್ಲಿನ ಬಣವೆಯೊಳಗೆ ಹೋಗಿದ್ದರು. ಅಲ್ಲಿ ಬಣವೆ ಇದ್ದುದರಿಂದ ಬಚಾವು. ಹತ್ತು ಮಾರು ಮುಂದೆ ಕಲ್ಲಿನ ಕಾಂಪೌಂಡು ಇತ್ತು. ಈ ಮನುಷ್ಯ ನಿಜವಾಗಿ ನೂರಕ್ಕೆ ಹೋದರೆ ಪ್ರತಿ ಸಲವೂ ಬಣವೆಯೇ ಸಿಗುತ್ತದೆಯೇ? ನನಗೆ ಬೇಕಿದ್ದದ್ದು ಒಂದೇ: ಹೋದವರು ಇಡಿಯಾಗಿ ಮನೆಗೆ ಬರಬೇಕು. ಊರಿನ ಎಲ್ಲ ದೇವರಿಗೂ ಹೇಳಿಕೊಂಡಿದ್ದೆ. ಕೊನೆಗೆ ಕೆಲಸ ಮಾಡಿದ್ದು ಒಂದು ಕೆಟ್ಟ ಮೀಟರು.

ಹೀಗಿರುವಾಗ ಸೊರಬದಲ್ಲಿ ನನ್ನ ನಾದಿನಿಯ ಮಗಳ ನಿಶ್ಚಯ ಬಂತು. ಸೋದರಮಾವ ತಂದ ಸೀರೆ ಉಟ್ಟೇ ಹುಡುಗಿ ಹಸೆಗೆ ಬರಬೇಕು, ಅದು ನಮ್ಮ ಮನೆತನದ ಪದ್ಧತಿ. ಸೋದರಮಾವ ಅಂದರೆ ನಮ್ಮವರೇ. ಹತ್ತೂ ಮುಕ್ಕಾಲಿಗೆ ಮುಹೂರ್ತ. ಗಂಡಿನ ಕಡೆಯವರು ಉಳವಿಯಿಂದ ಬರುವವರು, ಸಮಯದ ವಿಷಯದಲ್ಲಿ ಕಟ್ಟುನಿಟ್ಟು ಎಂದು ನಾದಿನಿ ನಾಲ್ಕು ಸಲ ಫೋನು ಮಾಡಿದ್ದಳು.

ಇವರು ಒಂಬತ್ತೂ ಮುಕ್ಕಾಲಿಗೆ ಎರಡನೇ ಸಲ ಚಹಾ ಕುಡಿಯುತ್ತಿದ್ದರು.

“ರೀ, ಹೊರಡೋಣ.”

“ಅವಸರ ಯಾಕ? ನಲವತ್ತು ಚಿಲ್ಲರೆ ಕಿಲೋಮೀಟರು. ನೂರರಾಗ ಹೋದ್ರ ಅರ್ಧ ತಾಸೂ ಬ್ಯಾಡ.”

ಬಾಯಿ ತುದಿಗೆ ಅರವತ್ತೈದು ಬಂತು. ನುಂಗಿಕೊಂಡೆ. ಹೇಳಿದ್ದರೆ ಇವರು ಬೇಗ ಹೊರಡುತ್ತಿರಲಿಲ್ಲ, ಜೋರಾಗಿ ಹೊಡೆಯುತ್ತಿದ್ದರು.

ನಾವು ಬಸ್ ಸ್ಟ್ಯಾಂಡ್ ದಾಟುವಾಗ ನಮ್ಮತ್ತೆ ಕೂತಿದ್ದ ಸೊರಬದ ಬಸ್ಸು ಇನ್ನೂ ಹೊರಟಿರಲಿಲ್ಲ. ಇವರು ಹಾರ್ನ್ ಹೊಡೆದು ತಾಯಿಗೆ ಕೈ ಬೀಸಿದರು. ಶಿರಾಳಕೊಪ್ಪ ದಾಟಿ ಸ್ವಲ್ಪ ದೂರ ಹೋಗುವುದರಲ್ಲಿ ಅದೇ ಬಸ್ಸು ಪಕ್ಕಕ್ಕೆ ಬಂತು. ಕಿಟಕಿಯಲ್ಲಿ ನಮ್ಮತ್ತೆ. ನಮ್ಮ ಕಾರು ಅಷ್ಟು ತಗ್ಗಾದ್ದರಿಂದ ಅವರು ತೇರಿನ ಮೇಲೆ ಕೂತವರಂತೆ ಕಂಡರು. ಅವರೂ ಕೈ ಬೀಸಿದರು. ಮುಳ್ಳು ನೂರಾ ಐದರಲ್ಲಿತ್ತು. ಇವರು ಒಮ್ಮೆ ಬಸ್ಸನ್ನು, ಒಮ್ಮೆ ಮುಳ್ಳನ್ನು ನೋಡಿದರು.

ನಾವು ಮುಟ್ಟಿದಾಗ ಹತ್ತೂ ನಲವತ್ತು. ಹುಡುಗಿ ಒಳಕೋಣೆಯಲ್ಲಿ ಮನೆಯ ಸೀರೆಯಲ್ಲೇ, ಜಡೆಗೆ ಹೂ ಮುಡಿದುಕೊಂಡು ಕೂತಿದ್ದಳು. ಕಣ್ಣಂಚಿನ ಕಾಡಿಗೆ ಆಗಲೇ ಸ್ವಲ್ಪ ಕದಡಿತ್ತು. ನಾಲ್ಕು ಜನ ಸೇರಿ ಐದು ನಿಮಿಷದಲ್ಲಿ ಸೀರೆ ಸುತ್ತಿದೆವು. ಸೆರಗಿನ ಬೆಲೆಚೀಟಿ ಕಿತ್ತಿರಲಿಲ್ಲ, ಅದು ಹಸೆಯವರೆಗೂ ಹೋಗಿ ಬಂತು.

ನಮ್ಮತ್ತೆ ಚಹಾ ಕುಡಿದು ಮುಗಿಸಿ, ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. “ಏನಪಾ, ಗುಡವಿಗೆ ಹೋಗಿ ಹಕ್ಕಿ ನೋಡ್ಕೊಂಡು ಬಂದ್ರೇನು?”

ಗುಡವಿಯ ಪಕ್ಷಿಧಾಮ ಸೊರಬದಿಂದಲೂ ಆಚೆ. ಉಳವಿಯ ಬೀಗರೇ ಮೊದಲು ನಕ್ಕರು. ಸಂಬಂಧ ಗಟ್ಟಿಯಾಯಿತೆಂದು ನನಗೆ ಆಗಲೇ ಗೊತ್ತಾಯಿತು. ಇವರು ಮಾತ್ರ ಹೋಳಿಗೆ ಎರಡಕ್ಕೇ ಸಾಕು ಎಂದರು.

ಊಟವಾದ ಕೂಡಲೇ, “ಇಲ್ಲೇ ಒಬ್ಬ ಮೆಕ್ಯಾನಿಕ್ ಅದಾನಂತ. ಮೀಟರ್ ತೋರಿಸಿಬಿಡೋಣ,” ಎಂದರು.

ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು. ಮೆಕ್ಯಾನಿಕ್ ನಡುವಯಸ್ಸಿನವರು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಒಬ್ಬರೇ ಕಾರು ಓಡಿಸಿ, ಮೊಬೈಲಿನಲ್ಲಿ ವೇಗ ನೋಡಿಕೊಂಡು ಬಂದರು. ಅಷ್ಟು ಹೊತ್ತಿಗೆ ಇವರಿಗೆ ಅಂಗಡಿಯಿಂದ ಫೋನು ಬಂದು, ರಸ್ತೆಯಾಚೆ ಹೋಗಿ ಪೈಪಿನ ಅಳತೆ ಕೂಗುತ್ತ ನಿಂತಿದ್ದರು.

“ಅಮ್ಮಾ, ಮೀಟರಿನ ಒಳಗಿನ ಸ್ಪ್ರಿಂಗ್ ಸೋತು ಹೋಗಿದೆ,” ಎಂದರು ಮೆಕ್ಯಾನಿಕ್. “ಅದು ಮುಳ್ಳನ್ನ ಹಿಡಿದು ನಿಲ್ಲಿಸಬೇಕು, ನಿಲ್ಲಿಸ್ತಾ ಇಲ್ಲ. ಸಾಲದ್ದಕ್ಕೆ ಯಾರೋ ಸಣ್ಣ ಟೈರು ಬೇರೆ ಹಾಕಿದ್ದಾರೆ. ನೂರು ಅಂತ ತೋರಿಸಿದ್ರೆ ಗಾಡಿ ಇರೋದು...”

“ಅರವತ್ತೈದು,” ಎಂದೆ.

ಅವರು ಪೆನ್ಸಿಲ್ ತೆಗೆದು ನನ್ನನ್ನೇ ನೋಡಿದರು. “ನಿಮಗೆ ಗೊತ್ತುಂಟಾ ಮಾರಾಯ್ರೆ? ಮತ್ತೆ ಹೇಳಲಿಲ್ವಾ?”

“ಸರಿ ಮಾಡಿದರೆ ಅವರು ನಿಜವಾಗಿಯೂ ನೂರಕ್ಕೆ ಹೋಗ್ತಾರೆ,” ಎಂದೆ. ಬಣವೆಯ ವಿಷಯವನ್ನೂ ಬಸ್ಸಿನ ವಿಷಯವನ್ನೂ ಹೇಳಿದೆ. “ಹೀಗೇ ಬಿಟ್ಟುಬಿಡಿ. ಅವರಿಗೆ ಏನಾದರೂ ಒಂದು ಹೇಳಿ.”

ಮೆಕ್ಯಾನಿಕ್ ರಸ್ತೆಯಾಚೆ ನೋಡಿದರು. ನನ್ನ ಗಂಡ ಫೋನಿನಲ್ಲೇ ಮುಳುಗಿ, ಹಿಂದೆ ಬರುತ್ತಿದ್ದ ಆಟೋ ನೋಡದೆ ಎರಡು ಹೆಜ್ಜೆ ಹಿಂದಕ್ಕಿಟ್ಟರು. ಆಟೋದವನು ಬೈದು ಹೋದ. ಮೆಕ್ಯಾನಿಕ್ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು.

ಇವರು ಬಂದು ಕೇಳಿದಾಗ, “ಎರಡೋ ಮೂರೋ ವ್ಯತ್ಯಾಸ ಇತ್ತು ಸಾರ್, ಸರಿ ಮಾಡಿದ್ದೇನೆ,” ಎಂದರು ಮೆಕ್ಯಾನಿಕ್. “ಈ ಬಸ್ಸಿನವರು ಹುಚ್ಚರು, ಅವರ ಸಾವಾಸ ಬೇಡ.”

“ನಾ ಅದನ್ನೇ ಅಂದಿದ್ದೆ,” ಎಂದರು ಇವರು. ಹೋದ ಜೀವ ಬಂದಂತಿತ್ತು ಮುಖ.

ಆಮೇಲೆ ಕೆಲವು ವಾರ ಕಳೆದವು. ಈಗ ಸೊರಬಕ್ಕೆ ಹೋಗುವುದಿದ್ದರೆ ಇವರು ಒಂದು ತಾಸು ಮುಂಚೆಯೇ ಚಪ್ಪಲಿ ಮೆಟ್ಟಿ ನಿಲ್ಲುತ್ತಾರೆ. “ರಸ್ತಿಯಾಗ ಗದ್ದಲ ಜಾಸ್ತಿ ಆಗೇತಿ,” ಎನ್ನುತ್ತಾರೆ. ಮೊದಲು ನನಗೆ ಏನೂ ಅನುಮಾನ ಬಂದಿರಲಿಲ್ಲ.

ಮೊನ್ನೆ ಹೋಗುವಾಗ ಇವರ ಎಡಗೈ ನೋಡಿದೆ. ಎಂದೂ ಗಡಿಯಾರ ಕಟ್ಟದವರು ನಮ್ಮ ಮದುವೆಯಲ್ಲಿ ಕೊಟ್ಟ ಗಡಿಯಾರ ಕಟ್ಟಿದ್ದಾರೆ, ಹೊಸ ಸೆಲ್ ಹಾಕಿಸಿದ್ದಾರೆ. ಕಿಲೋಮೀಟರ್ ಕಲ್ಲು ದಾಟಿದಾಗ ಒಮ್ಮೆ ಕೈ ನೋಡಿಕೊಂಡರು. ತುಟಿ ಅಲ್ಲಾಡತೊಡಗಿತು. ಮುಂದಿನ ಕಲ್ಲು ಬಂದಾಗ ತುಟಿ ನಿಂತಿತು. ಐವತ್ತೈದೇ ಇರಬೇಕು, ನಾನೂ ಎಣಿಸುತ್ತಿದ್ದೆ. ಅಷ್ಟಾದರೂ ಅವರು ಆಕ್ಸಿಲರೇಟರನ್ನು ಹೆಚ್ಚು ಒತ್ತಲಿಲ್ಲ, ಅಲ್ಲಿಂದ ಮುಂದಿನ ತಿರುವಿನಲ್ಲಿ ನನ್ನ ಕಡೆ ತಿರುಗಲೂ ಇಲ್ಲ.

ತಿರುವು ದಾಟಿದ ಮೇಲೆ, “ನೋಡಿಲ್ಲಿ, ನೂರು,” ಎಂದರು.

“ಸ್ವಲ್ಪ ನಿಧಾನ ಹೋಗ್ರಿ, ಹೆದರಿಕೆ ಆಗುತ್ತೆ,” ಎಂದೆ.

ಅವರು ಉದಾರವಾಗಿ ತೊಂಬತ್ತಕ್ಕೆ ಇಳಿಸಿದರು. ಹಿಂದಿನಿಂದ ಕುರಿ ತುಂಬಿದ ಪಿಕಪ್ ಹಾರ್ನ್ ಹೊಡೆಯಿತು.