ಮುದ್ದಕ್ಕನ ಕರಟದ ಕಟ್ಟಳೆ

ನಮ್ಮ ಬೀದಿಯಲ್ಲಿ ಕರಟ ಆಕಾಶ ನೋಡುವಂತಿಲ್ಲ. ಇದು ಮುದ್ದಕ್ಕ ಮಾಡಿದ ಕಟ್ಟಳೆ. ಕೊಬ್ಬರಿ ಒಡೆಯುವ ಊರು ನಮ್ಮದು. ಹಿತ್ತಲು, ಚರಂಡಿ ಬದಿ, ಅಂಗಡಿ ಹಿಂದೆ, ಎಲ್ಲಿ ನೋಡಿದರೂ ಕರಟ. ಚಿಕೂನ್‌ಗುನ್ಯಾ ಬಂದ ವರ್ಷ ಊರಿಗೆ ಊರೇ ಮಂಡಿ ಹಿಡಿದುಕೊಂಡು ಕುಂಟಿತು. ನೀರು ನಿಂತ ಕರಟದಲ್ಲಿ ಸೊಳ್ಳೆ ಹುಟ್ಟುತ್ತದೆಂದು ಯಾರೋ ಜೀಪಿನಲ್ಲಿ ಮೈಕು ಕಟ್ಟಿಕೊಂಡು ಬಂದು ಕೂಗಿ ಹೋದರು. ಅದನ್ನು ಮನಸ್ಸಿಗೆ ಹಾಕಿಕೊಂಡವಳು ನಮ್ಮ ವಾರ್ಡಿನ ಸದಸ್ಯೆ ಮುದ್ದಕ್ಕ ಮಾತ್ರ.

ಹುಳಿಯಾರು ಕಡೆಯ ಗೊಲ್ಲರ ಹಟ್ಟಿಯಲ್ಲಿ ಕುರಿಗಳ ನಡುವೆ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದು ವ್ಯಾಪಾರದ ಮಂಡಿಗಳಲ್ಲಿ ಕೊಬ್ಬರಿ ಒಡೆಯುತ್ತಿದ್ದಳು. ವಾರ್ಡಿಗೆ ಮಹಿಳಾ ಮೀಸಲು ಬಂದಾಗ, ಹೇಳಿದ ಕಡೆ ಹೆಬ್ಬೆಟ್ಟು ಒತ್ತುತ್ತಾಳೆ ಎಂದು ದೊಡ್ಡವರೇ ಅವಳನ್ನು ನಿಲ್ಲಿಸಿದರು. ಗೆದ್ದ ಮೇಲೆ ಅವಳು, "ಮೊದ್ಲು ಓದಿ ಹೇಳ್ರಪ್ಪ, ಆಮೇಲೆ ಒತ್ತೀನಿ" ಎನ್ನತೊಡಗಿದಳು. ಬೆಳಿಗ್ಗೆ ಒಂದು ಕೋಲು ಹಿಡಿದು ಹೊರಟರೆ ಮಂದೆ ಹೊಡೆದ ಹಾಗೇ. ಅಂಗಾತ ಬಿದ್ದ ಕರಟ ಕಂಡರೆ ಆ ಮನೆಯವರನ್ನು ಕರೆದು ಮಗುಚಿಸುತ್ತಿದ್ದಳು. ಉಳಿದ ಒಳ್ಳೆಯ ಕರಟಗಳನ್ನು ಮನೆಯೊಳಗೆ ಬಳಸಿ ಎಂದಳು: ಸೌಟಿಗೆ, ಉಪ್ಪಿಗೆ, ಹಾಲಿನ ಬೀರುವಿನ ಕಾಲಡಿ ಇರುವೆ ಹತ್ತದಂತೆ ನೀರಿಡಲಿಕ್ಕೆ.

ಮುಂದಿನ ವರ್ಷ ಜ್ವರ ಇಳಿಯಿತು. ಸುದ್ದಿ ಪತ್ರಿಕೆಗೆ ಹೋಯಿತು. ತಮ್ಮ ತೊಂದರೆಗೆ ತಾವೇ ಹೊಸ ದಾರಿ ಕಂಡುಕೊಂಡ ಊರುಗಳಿಗೆ ಕೊಡುವ ಪ್ರಶಸ್ತಿಯೊಂದಕ್ಕೆ ನಮ್ಮ ಪುಟ್ಟ ಪಟ್ಟಣದ ಹೆಸರೂ ಸೇರಿತು. ಗೆದ್ದ ಊರು ಕೇಳಿದ್ದೊಂದನ್ನು ಕಟ್ಟಿಸಿಕೊಡುತ್ತಾರಂತೆ. ಮುದ್ದಕ್ಕ ಕೇಳಿದ್ದು ಮಕ್ಕಳ ಆಸ್ಪತ್ರೆ. ನಮ್ಮಲ್ಲಿ ಮಕ್ಕಳ ಡಾಕ್ಟರಿಲ್ಲ. ಏನಾದರೂ ತಿಪಟೂರಿಗೇ ಓಡಬೇಕು. ಮೈಸೂರಿನಲ್ಲಿ ಓದಿ ಬೆಳೆದು ಇಲ್ಲಿಗೆ ಸೊಸೆಯಾಗಿ ಬಂದ ನನಗೆ, ಎರಡು ವರ್ಷದ ಸಿಂಚನ ಒಮ್ಮೆ ಸೀನಿದರೂ ಆ ದೂರವೇ ಕಣ್ಣ ಮುಂದೆ ಬರುತ್ತಿತ್ತು.

ತೀರ್ಪುಗಾರರು ಬರುವ ದಿನಕ್ಕೆ ಸಿಂಚನಳಿಗೆ ಜ್ವರ ಹಿಡಿದು ಮೂರು ದಿನ. ಮೊದಲು ಮೈ ಬೆಚ್ಚಗಾಗಿದ್ದಷ್ಟೇ. ಹಲ್ಲು ಬರುತ್ತಿರಬೇಕು ಎಂದು ಅತ್ತೆ ವನಜಾಕ್ಷಿ ಸಮಾಧಾನ ಹೇಳಿದ್ದರು. ಆ ಬೆಳಿಗ್ಗೆ ಅಂಗಿ ಬದಲಿಸುವಾಗ ತೊಡೆಯ ಮೇಲೆ ಕೆಂಪು ಚುಕ್ಕೆಗಳು ಕಂಡವು. ಮೂಗಿನ ತುದಿಯಲ್ಲಿ ಒಂದು ಎಳೆ ರಕ್ತ. ಗಂಡ ತರಬೇತಿಗೆಂದು ತುಮಕೂರಿನಲ್ಲಿದ್ದರು. ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಆಟೋ ಎಂದು ಓಡಿದರೆ ಬೀದಿಗೆ ಅಡ್ಡಲಾಗಿ ಚಪ್ಪರ. ಆಟೋಗಳನ್ನೆಲ್ಲ ಆಚೆ ಕಳಿಸಿದ್ದರು.

ಚಪ್ಪರದ ಕೆಳಗೆ ಸ್ವಾಗತ ಸಮಿತಿಯ ಮಲ್ಲಿಕಾರ್ಜುನಯ್ಯ ನಿಂತಿದ್ದರು. ಕೊಬ್ಬರಿ ವ್ಯಾಪಾರಿ, ಕೆಟ್ಟವರಲ್ಲ. ಮಗುವಿನ ಮುಖ ನೋಡಿ ಅವರೂ ಬೆವರಿದರು.

"ನೋಡವ್ವ, ನನ್ ಕಾರು ಅವರನ್ನ ಕರ್ಕೊಂಬರೋಕೆ ಕಿಬ್ಬನಹಳ್ಳಿಗೆ ಹೋಗೈತೆ. ಬಂದ್ರು ಅನ್ಕೋ. ಮಾದರಿ ಮನೆ ಅಂತ ನಿಮ್ ಮನೇನೇ ತೋರ್ಸೋದು. ಮಗೀನ ಹಿಂದಿನ್ ಮನೇಲಿ ಒಂದ್ ಗಳಿಗೆ ಮಲಗ್ಸು. ಅವರು ನೋಡ್ಕೊಂಡು ಹೋದೇಟ್ಗೆ ಅದೇ ಕಾರ್ನಾಗೆ ನಾನೇ ತಿಪಟೂರಿಗೆ ಕಳಿಸ್ತೀನಿ."

"ಒಂದು ಗಳಿಗೆ ಅಂದ್ರೆ ಎಷ್ಟೊತ್ತು ಸಾರ್?"

"ಅವರು ಕಾಫಿ ಕುಡೀಬೇಕಲ್ಲವ್ವ."

ಮಗುವನ್ನು ಎತ್ತಿಕೊಂಡೇ ಮನೆಗೆ ಮರಳಿದೆ. ಬಾಗಿಲಲ್ಲಿ ಮುದ್ದಕ್ಕ. ಇಸ್ತ್ರಿ ಮಾಡಿದ ಹಸಿರು ಸೀರೆ, ಮಲ್ಲಿಗೆ. ಕೊನೆಯ ಸಲ ಎಲ್ಲ ಸರಿಯಿದೆಯೇ ಎಂದು ನೋಡಲು ಬಂದಿದ್ದಳು. ಮಗುವಿನ ಹಣೆ ಮುಟ್ಟಿದಳು, ತೊಡೆ ನೋಡಿದಳು.

"ಎಲ್ಲೇ ಮಲಗ್ಸ್ತೀಯ ಇವ್ಳನ್ನ?"

"ಅಡುಗೆ ಮನೆ ತೊಟ್ಟಿಲಲ್ಲಿ. ಸೊಳ್ಳೆ ಪರದೆ ಕಟ್ಟಿದೀನಿ ಅಕ್ಕ, ಬತ್ತಿ ಹಚ್ಚಿದೀನಿ, ನೀರು ಕಾಯಿಸಿಯೇ ಕೊಡ್ತೀನಿ..." ನನಗೆ ಮಾತು ನಿಲ್ಲಲಿಲ್ಲ.

ಅವಳು ಒಳಗೆ ಹೋಗಿ ತೊಟ್ಟಿಲ ಕೆಳಗೆ ಬಗ್ಗಿದಳು. ಮೂಲೆ ಮೂಲೆ ನೋಡಿದಳು. ಕೊನೆಗೆ ಹಾಲಿನ ಬೀರುವಿನ ಬಳಿ ಕೂತಳು. "ಒಸಿ ಎತ್ತಿಡ್ಕಳ್ರೇ" ಎಂದಳು. ಅತ್ತೆ ಬೀರುವಿನ ಒಂದು ಬದಿ ಎತ್ತಿದರು. ಕಾಲಡಿಯಿದ್ದ ಕರಟವನ್ನು ಮುದ್ದಕ್ಕ ಮೆಲ್ಲಗೆ ಎಳೆದು ಕಿಟಕಿಯ ಬೆಳಕಿಗೆ ಹಿಡಿದಳು. ನೀರಿನಲ್ಲಿ ಕೂದಲೆಳೆಯಂಥ ಹುಳುಗಳು ಬಳುಕುತ್ತಿದ್ದವು. ಬೀರು ಎತ್ತಿ ಆ ನೀರು ಚೆಲ್ಲುವವರು ಯಾರು? ಯಾವ ಮನೆಯಲ್ಲೂ ಯಾರೂ ಚೆಲ್ಲಿರಲಿಲ್ಲ.

"ನೀನೇ ಅಲ್ವೇನೇ ಮುದ್ದಿ ಇಕ್ಕು ಅಂದಿದ್ದು?" ಎಂದರು ಅತ್ತೆ.

"ನಾನೇ ಕಣಕ್ಕ."

ಮಲ್ಲಿಕಾರ್ಜುನಯ್ಯ ಹಿಂದೆಯೇ ಬಂದಿದ್ದರು. ಕರಟ ನೋಡಿ ಬಾಗಿಲು ಮುಂದೆ ಮಾಡಿದರು. "ಚೆಲ್ಲು ಅತ್ಲಾಗೆ. ನಾಳಿಂದ ಮನೆಮನೆಗೂ ಹೋಗಿ ಹೇಳೋವಂತೆ. ಇವತ್ತು ಬಾಯ್ ಬುಟ್ರೆ ಆಸ್ಪತ್ರೆ ಹೋಯ್ತು ಕಣಮ್ಮ. ಯಾರಿಗ್ ಬೇಕು ಅಂತ ಕೇಳ್ದೆ ನೀನು? ಇಂಥಾ ಮಕ್ಳಿಗೇ ಅಲ್ವಾ?"

ಅವರು ಹೇಳಿದ್ದು ಸುಳ್ಳಲ್ಲ. ನನ್ನ ತೋಳಲ್ಲಿ ಸಿಂಚನ ಅಳುವುದನ್ನೂ ಬಿಟ್ಟು ಅರೆಮುಚ್ಚಿದ ಕಣ್ಣಲ್ಲಿ ನನ್ನನ್ನೇ ನೋಡುತ್ತಿದ್ದಳು. ಅತ್ತರೆ ಸಾಕು ಎಂದು ನಾನು ಅವಳ ಅಂಗಾಲು ಚಿವುಟಿದೆ. ದೂರದಲ್ಲಿ ಡೊಳ್ಳು ಶುರುವಾಯಿತು. ಕಾರು ಬಂದಿತ್ತು.

"ಅಣ್ಣೋ," ಎಂದಳು ಮುದ್ದಕ್ಕ, "ನಮ್ ಹಟ್ಟೀಲಿ ಕುರಿಗೆ ಜಡ್ಡು ಬಂದ್ರೆ ಮೊದ್ಲು ಪಕ್ಕದ್ ಮಂದೆಯೋನಿಗೆ ಹೇಳ್ಬೇಕು. ಮುಚ್ಚಿಟ್ಕಂಡು ಎಲ್ರ ಕುರೀನೂ ಕುಡಿಯೋ ತೊಟ್ಟೀಲೇ ನೀರು ಕುಡಿಸ್ದೋನ ಮನೇಗೆ ಆಮೇಲೆ ಯಾರೂ ಹೆಣ್ಣು ಕೊಡಾಕಿಲ್ಲ. ಈ ನೀರು ಮನೆಮನೇಗೂ ನಾನೇ ಇಡ್ಸಿರೋದು. ನಾಳಿಗಂಟ ಯಾವ್ ಮಗೀಗೆ ಕಚ್ಬೇಕು ಹೇಳು?"

"ಹಂಗಾರೆ ಹಾಳ್ಮಾಡ್ಕೋ. ಜನ ನಿಂಗೇ ಉಗೀತಾರೆ."

"ಉಗೀಲಿ ಬುಡು. ಬಾರೇ ತಾಯಿ."

ಕರಟ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಅವಳು ಬೀದಿಯ ನಡುವೆ ನಡೆದಳು; ಹಿಂದೆ ನಾನು. ಆರತಿ ತಟ್ಟೆ ಹಿಡಿದ ಹೆಂಗಸರು ಪಕ್ಕಕ್ಕೆ ಸರಿದರು. ಡೊಳ್ಳು ನಿಂತಿತು. ಕಾರಿನಿಂದ ಮೊದಲು ಇಳಿದವರು ನರೆಗೂದಲಿನ ಹೆಂಗಸು, ಗಿರಿಜಾಂಬಿಕಾ ಎಂಬ ತೀರ್ಪುಗಾರ್ತಿ. ಹಾರ ತೊಡಿಸುತ್ತಾರೆಂದು ತಲೆ ಬಾಗಿಸಿದವರ ಮುಂದೆ ಕರಟ ಬಂತು.

"ಇದೇ ಕಣಮ್ಮ ನೀವು ನೋಡಕ್ ಬಂದಿರೋದು. ಬೀದೀದು ಸರಿಮಾಡ್ದೆ, ಮನೆಯೊಳಗೆ ನಾನೇ ಸೊಳ್ಳೆ ಸಾಕ್ಸಿದೀನಿ. ಈ ಮಗೀಗೆ ಜ್ವರ, ಮೂಗ್ನಾಗೆ ರಕ್ತ. ಕಾರು ಬೇಕು. ಆಮೇಲೆ ನಿಮಗೇನ್ ಬೇಕೋ ಬರ್ಕಳಿ."

ಗಿರಿಜಾಂಬಿಕಾ ಮಗುವಿನ ಕಾಲು ನೋಡಿದರು. ಒಳಗಿದ್ದ ಇಬ್ಬರಿಗೆ "ಇಳೀರಿ" ಎಂದರು. ನಾನು ಹತ್ತಿದೆ. ಮುದ್ದಕ್ಕನೂ ಹತ್ತುತ್ತಾಳೆಂದು ಪಕ್ಕಕ್ಕೆ ಸರಿದೆ. ಅವಳು ಹತ್ತಲಿಲ್ಲ. ಕಾರು ತಿರುಗುವಾಗ ಹಿಂದಿನ ಗಾಜಿನಲ್ಲಿ ಕಂಡಿತು: ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಮನೆಗೆ ನುಗ್ಗುತ್ತಿದ್ದಳು, ಹಿಂದೆ ಬೂಟು ಹಾಕಿದ ತೀರ್ಪುಗಾರರು.

ತಿಪಟೂರಿನಲ್ಲಿ ರಕ್ತ ನೋಡಿ ಡೆಂಗಿ ಎಂದರು. ಇನ್ನೂ ತಡವಾಗಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಸಿಂಚನಳ ಕೈಗೆ ಸೂಜಿ ಚುಚ್ಚಿದಾಗ ಅವಳು ಜೋರಾಗಿ ಅತ್ತಳು. ಆ ಅಳು ಕೇಳಿ ನಾನೂ ಅತ್ತುಬಿಟ್ಟೆ.

ನಮ್ಮ ಬೀದಿಯ ಇನ್ನೂ ಕೆಲವು ಮಕ್ಕಳು ಜ್ವರ ಬಂದು ಮಲಗಿದರು. ಮುದ್ದಕ್ಕ ಮುಚ್ಚಿಡದೆ ಹೇಳಿದ್ದರಿಂದ ಬೇಗ ಆಸ್ಪತ್ರೆ ಸೇರಿದರು, ಎಲ್ಲರೂ ಎದ್ದರು. ಪ್ರಶಸ್ತಿ ಬಯಲುಸೀಮೆಯ ಬೇರೊಂದು ಊರಿಗೆ ಹೋಯಿತು. ನಲ್ಲಿಯ ಬಳಿ ಒಬ್ಬಳು, "ಬಂದ ಆಸ್ಪತ್ರೇನ ಬೀರು ಕಾಲಡಿ ಕಳ್ಕಂಡ್ಲು ನಮ್ ಸದಸ್ಯೆ" ಎಂದದ್ದು ನನಗೇ ಕೇಳಿಸಿತು. ಮುದ್ದಕ್ಕ ಕೊಡ ಎತ್ತಿಕೊಂಡು, "ಹೂಂ ಕಣೇ, ನಿನ್ ಮಗ ಎದ್ದು ಓಡಾಡ್ತವ್ನಲ್ಲ, ಅವ್ನನ್ನೇ ಕಳ್ಸು ಹುಡುಕ್ಲಿ" ಎಂದು ನಡೆದಳು. ಅಷ್ಟು ಹೇಳಿದವಳ ಕಣ್ಣು ತುಂಬಿದ್ದನ್ನು ನಾನು ತಿರುವಿನಲ್ಲಿ ನೋಡಿದೆ.

ಮುಂದಿನ ಸೋಮವಾರ ಬೆಳಿಗ್ಗೆ ಬಾಗಿಲಿಗೆ ಬಂದಳು. "ತುಮಕೂರಿಗೆ ಹೋಗ್ತೀನಿ, ದೊಡ್ ಆಫೀಸ್ಗೆ, ಆಸ್ಪತ್ರೆ ಕೇಳಾಕೆ. ಪ್ರಶಸ್ತಿ ಇಲ್ದಿದ್ರೇನು, ಮಕ್ಳಂತೂ ಅವೆ. ಮಗೀನ ಎತ್ಕಂಡ್ ಬತ್ತೀಯೇನವ್ವ?"

ಬಸ್ಸು, ಜನ, ಧೂಳು, ಮಗುವಿಗೆ ಇನ್ನೂ ಇಳಿದಿರದ ನಿತ್ರಾಣ. ಬೇಡ ಎನ್ನಲು ನನ್ನ ಬಳಿ ನೂರು ಕಾರಣಗಳಿದ್ದವು. ಕುದಿಸಿದ ನೀರಿನ ಬಾಟಲಿ ಹುಡುಕಿ ಚೀಲಕ್ಕೆ ಹಾಕಿಕೊಂಡೆ.

ಅಲ್ಲಿಯ ಸಾಹೇಬರು ಎಲ್ಲ ಕೇಳಿ, ಮುಂದಿನ ವಾರ ಬನ್ನಿ ಎಂದರು.

"ಬತ್ತೀವಿ" ಎಂದಳು ಮುದ್ದಕ್ಕ.